ಅಂಚಿನ ಸಾಲು

ಹದಿನೈದು ದಿನದ ರಜೆ ಮುಗಿಸಿ ಬಂದ ಗೋಧಿ ತಳಿ ವಿಜ್ಞಾನಿ ತನ್ನ ಪ್ರಯೋಗದ ಹೊಲ ನೋಡಿ ಕೆಂಡವಾದಳು. ಒಂದು ಎಲೆಯ ಮೇಲೂ ರೋಗದ ಚುಕ್ಕೆಯಿಲ್ಲ.

"ಯಾರು ಔಷಧ ಹೊಡಿಸಿದ್ರು ಸರ್?"

"ನಾನ," ಎಂದರು ಸಂಶೋಧನಾ ಕೇಂದ್ರದ ಮುಖ್ಯಸ್ಥರು. "ಇವತ್ತ ಬೆಂಗಳೂರಿಂದ ಸಾಹೇಬ್ರು ಬರ್ಲಿಕತ್ತಾರ. ಅರಿಷಿಣ ಚೆಲ್ಲಿದಂಗ ಭಂಡಾರ ರೋಗ ಹತ್ತಿದ ಹೊಲಾ ತೋರಸ್ಲೇನು?"

"ಆ ರೋಗ ನಾನ ಹಚ್ಚಿದ್ದು! ನನ್ನ ಹೊಸಾ ತಳಿಯೊಳಗ ಯಾವುದು ತಡಕೋತದ, ಯಾವುದು ಸಾಯ್ತದ ಅಂತ ನೋಡ್ಲಿಕ್ಕೆ. ಲಗೂನ ರೋಗ ಹತ್ತೂ ಹಳೇ ಜಾತಿ ಸುತ್ತ ಅಂಚಿಗೆ ಬಿತ್ತಿದ್ದೂ ಅದಕ್ಕ. ಅಲ್ಲಿಂದ ರೋಗ ಒಳಗ ಹರಡಬೇಕಿತ್ತು. ಇದು ಪರೀಕ್ಷಾ ಮಾಡೋ ಹೊಲ ಸರ್, ಸಿಂಗಾರ ಮಾಡಿ ಕನ್ಯಾ ತೋರ್ಸೂದಲ್ಲ! ಇಡೀ ಹಿಂಗಾರಿ ಹಾಳು ಮಾಡಿದ್ರಿ!"

"ದನಿ ಇಳಸ್ರಿ ಮೇಡಂ. ಕಾರು ಬಂತು."

ಬೂಟಿಗೆ ಕೆಸರು ಹತ್ತೀತೆಂದು ಸಾಹೇಬರು ಹೊಲಕ್ಕೆ ಇಳಿಯಲಿಲ್ಲ. ಬದುವಿನ ಮೇಲೇ ನಿಂತು ಕಣ್ಣಾಡಿಸಿದರು.

"ರೋಗ ಒಂಚೂರೂ ಇಲ್ವಲ್ರೀ!"

ಅವಳು ಬಾಯಿ ತೆರೆಯುವಷ್ಟರಲ್ಲಿ ಮುಖ್ಯಸ್ಥರು ಅಡ್ಡ ಬಂದರು. "ಎಲ್ಲಾ ನಮ್ಮ ಮೇಡಮ್ಮಾರ ಶ್ರಮ ಸರ್."

"ಭೇಷ್!" ಸಾಹೇಬರು ಬಗ್ಗಿ, ಕಾಲಬುಡದಲ್ಲಿದ್ದ ಅಂಚಿನ ಸಾಲಿನಿಂದ ಒಂದು ತೆನೆ ಕಿತ್ತು ಮೇಲೆತ್ತಿ ಹಿಡಿದರು. "ಮುಂದಿನ ಹಿಂಗಾರಿಗೆ ಜಿಲ್ಲೆಯ ಎಲ್ಲಾ ರೈತರಿಗೂ ಇದೇ ಬೀಜ ಹಂಚಿ."