ಎರಡಿಂಚಿನ ಮಡಿಕೆ

ರಾಕೆಟ್ ಕಂಪನಿಯ ಸಾಹೇಬರು ಪುಟ್ಟ ಪ್ಯಾಂಟಿನ ಅಂಚನ್ನು ಹೆಬ್ಬೆರಳಿನಿಂದ ಮಗುಚಿ ನೋಡಿದರು. ಒಳಗೆ ಎರಡಿಂಚು ಬಟ್ಟೆ ಮಡಚಿ ಹೊಲಿದಿತ್ತು. ಇನ್ನೊಂದನ್ನು ಮಗುಚಿದರು, ಅದರಲ್ಲೂ ಅಷ್ಟೇ. ಅಪ್ಪ ಅಮ್ಮನ ಜೊತೆ ಹೊಸ ಗ್ರಹಕ್ಕೆ ಹೊರಟಿದ್ದ ಹತ್ತೊಂಬತ್ತು ಮಕ್ಕಳ ಬಟ್ಟೆಯನ್ನೂ ಟೇಲರಮ್ಮನ ಮೇಜಿನ ಮೇಲೆ ದೊಪ್ಪೆಂದು ಒಗೆದರು.

“ಒಳಗೆ ಬಟ್ಟೆ ಬಿಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ಅಳತೆಗೆ ಸರಿಯಾಗಿ ಕತ್ತರಿಸಿ, ಮುಗೀತು.”

“ಮಕ್ಕಳು ಬೆಳೀತಾರಲ್ಲ ಸ್ವಾಮಿ,” ಎಂದಳು ಟೇಲರಮ್ಮ. “ಅಲ್ಲಿಗೆ ಮುಟ್ಟೋಕೇ ಎಂಟು ತಿಂಗಳು ಅಂತ ನಿಮ್ಮ ಕಂಪನಿಯವರೇ ಹೇಳ್ತಾರೆ. ಇಳಿಯೋ ಹೊತ್ತಿಗೆ ಪ್ಯಾಂಟು ಮೇಲಕ್ಕೆ ಹೋಗಿರುತ್ತೆ. ಆಮೇಲೆ ಅಲ್ಲಿ ಹೊಲಿದು ಕೊಡೋರು ಯಾರು?”

“ತೂಕ ಕಣಮ್ಮ, ತೂಕ! ರಾಕೆಟ್ಟಲ್ಲಿ ಒಂದೊಂದು ಗ್ರಾಮಿಗೂ ಲೆಕ್ಕ. ಬೇಕಾದ್ದೆಲ್ಲ ಎರಡನೇ ರಾಕೆಟ್ಟಲ್ಲಿ ಬರುತ್ತೆ.”

“ಎರಡನೇದು ಯಾವಾಗ?”

ಸಾಹೇಬರು ಮುಖ ಗಂಟಿಕ್ಕಿದರು. “ನಿಮಗ್ಯಾಕಮ್ಮ ಇಷ್ಟು ಅನುಮಾನ? ನಾನೂ ಹೊರಟಿರೋನೇ. ಹೆಂಡತಿ, ಮಗಳು, ಎಲ್ಲಾ ಅದೇ ರಾಕೆಟ್ಟಲ್ಲಿ. ಮೋಸ ಇದ್ದಿದ್ರೆ ಹೆತ್ತ ಮಗಳನ್ನ ಕರ್ಕೊಂಡು ಹೋಗ್ತಿದ್ನಾ?”

ಟೇಲರಮ್ಮ ಬಟ್ಟೆಯ ರಾಶಿಯನ್ನು ತನ್ನತ್ತ ಎಳೆದುಕೊಂಡಳು. ಹೊರಡುವ ಮಕ್ಕಳ ಪಟ್ಟಿಯಲ್ಲಿ ಹನ್ನೊಂದನೇ ನಂಬರು ಅವಳ ಮೊಮ್ಮಗಳು ಚಿನಕುರಳಿಯದು. ಬೇಡ ಬೇಡ ಎನ್ನುತ್ತಿದ್ದ ಅಳಿಯನ ತಲೆ ತಿಂದು ಹೆಸರು ಬರೆಸಿದವಳೂ ಇವಳೇ. ಮತ್ತೇನು ಮಾಡುವುದು? ಬೆಳಿಗ್ಗೆ ಮೇಜು ಒರೆಸಿದರೆ ಮಧ್ಯಾಹ್ನಕ್ಕೆ ಬೆರಳಲ್ಲಿ ಬರೆಯುವಷ್ಟು ಮಸಿ ಕೂತಿರುತ್ತದೆ. ನಲ್ಲಿಯ ನೀರಿಗೆ ತುಕ್ಕಿನ ಬಣ್ಣ. ಆರು ವರ್ಷದ ಕೂಸು ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ ಬಂದು ಅಲ್ಲೇ ಕುಕ್ಕರಿಸುತ್ತದೆ. ಅಲ್ಲಾದರೂ ಅದಕ್ಕೆ ಒಳ್ಳೆಯ ಗಾಳಿ ಸಿಗಲಿ ಎಂದು, ಮತ್ತೆ ಮುಖ ನೋಡುವ ಆಸೆಯನ್ನೇ ಬಿಟ್ಟು ಕಳಿಸಲು ಒಪ್ಪಿದ್ದಳು.

ಸಾಹೇಬರು ಹೋದ ಮೇಲೆ ಒಂದೊಂದೇ ಹೊಲಿಗೆ ಬಿಚ್ಚಿ, ಮಡಿಕೆ ಕತ್ತರಿಸುತ್ತ ಬಂದಳು. ಪಟ್ಟಿಯನ್ನು ಮತ್ತೊಮ್ಮೆ ಓದಿದಳು. ಸಾಹೇಬರ ಮಗಳ ಅಳತೆ ಅದರಲ್ಲಿರಲಿಲ್ಲ. ಕಂಪನಿಯವರದ್ದು ಬೇರೆ ಕಡೆ ಹೊಲಿಸುತ್ತಾರೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹನ್ನೊಂದನೇ ನಂಬರಿಗೆ ಬಂದಾಗ ಮಾತ್ರ ಕತ್ತರಿ ಓಡಲಿಲ್ಲ. ಮೂವತ್ತು ವರ್ಷದಿಂದ ಮಕ್ಕಳ ಬಟ್ಟೆ ಹೊಲಿಯುತ್ತ ಬಂದವಳು ಅವಳು. ಒಳಗೆ ಬಟ್ಟೆ ಬಿಡದೆ ಹೊಲಿದದ್ದು ಒಂದೇ ಸಲ. ಎದುರುಮನೆಯ ಕೂಸು ತೀರಿಕೊಂಡಾಗ ಅದಕ್ಕೆ ಕೊನೆಯದಾಗಿ ತೊಡಿಸಲು ಹೊಲಿದ ಅಂಗಿ ಅದು. ಥೂ, ಇದೆಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡು, ಮನಸ್ಸು ಗಟ್ಟಿ ಮಾಡಿಕೊಂಡು ಅದನ್ನೂ ಕತ್ತರಿಸಿದಳು.

ಮರುದಿನ ಸಾಹೇಬರ ಹೆಂಡತಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಕೈಯಲ್ಲಿ ನೀಲಿ ಬಟ್ಟೆ, ಸ್ಕೂಲಿನ ಯೂನಿಫಾರ್ಮಿಗೆ.

“ನಮ್ಮ ಮನೆಯವರು ನಿಮ್ಮ ಹೊಲಿಗೆನ ತುಂಬಾ ಹೊಗಳ್ತಾರಮ್ಮ, ಅದಕ್ಕೇ ಬಂದೆ. ಸ್ಕರ್ಟಿಗೆ ಕೆಳಗೆ ಧಾರಾಳವಾಗಿ ಮೂರಿಂಚು ಬಿಡಿ. ಇವಳು ಮಲಗಿ ಏಳೋದ್ರೊಳಗೆ ಉದ್ದ ಆಗಿರ್ತಾಳೆ. ಎರಡು ವರ್ಷಕ್ಕಾದ್ರೂ ಬರಬೇಕು.”

ಟೇಲರಮ್ಮ ಟೇಪನ್ನು ಹುಡುಗಿಯ ಸೊಂಟದಿಂದ ಮೊಣಕಾಲಿಗೆ ಇಳಿಬಿಟ್ಟಳು. ರಾಕೆಟ್ಟು ಹೊರಡಲು ಉಳಿದದ್ದು ಇಪ್ಪತ್ತು ದಿನ. ನಿನ್ನೆ ಕತ್ತರಿ ಹಿಡಿದ ಕೈಯ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಳತೆ ಬರೆದುಕೊಂಡು, “ಶನಿವಾರ ಹತ್ತು ಗಂಟೆಗೆ ರೆಡಿ ಇರುತ್ತೆ. ಸಾಹೇಬರನ್ನೇ ಕಳಿಸಿ,” ಎಂದಳು. ಅವರು ಮೆಟ್ಟಿಲಿಳಿದ ಮೇಲೆ ಹತ್ತೊಂಬತ್ತು ಮನೆಗೂ ಫೋನು ಮಾಡಿದಳು. ಮಕ್ಕಳ ಬಟ್ಟೆ ಹಾಕಿಸಿ ನೋಡಬೇಕು, ಶನಿವಾರ ಹತ್ತಕ್ಕೆ ಬನ್ನಿ.

ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ಮೇಲೂ ಬಾಗಿಲ ಮೆಟ್ಟಿಲ ಮೇಲೂ ತಾಯಂದಿರು ಮಕ್ಕಳ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೆಂಚಿನ ಕೊನೆಯಲ್ಲಿ ಟೇಲರಮ್ಮನ ಮಗಳು, ಅವಳಿಗೆ ಆತುಕೊಂಡು ಕೆಮ್ಮುತ್ತಿದ್ದ ಚಿನಕುರಳಿ. ಸಾಹೇಬರು ಅಷ್ಟು ಜನರನ್ನು ಕಂಡು ಅರಳಿದರು.

“ಎಲ್ಲಾ ಸೇರಿಬಿಟ್ಟಿದ್ದೀರಿ! ಇನ್ನೇನು, ಹದಿನೈದೇ ದಿನ. ಎಲ್ಲರೂ ಒಂದೇ ಮನೆಯವರ ಥರ ಹೋಗೋಣ.”

“ಇದು ನಿಮ್ಮ ಮಗಳದು, ಸ್ವಾಮಿ,” ಎಂದು ಟೇಲರಮ್ಮ ನೀಲಿ ಸ್ಕರ್ಟನ್ನು ಅವರ ಕೈಗಿಟ್ಟಳು.

ಅಭ್ಯಾಸ ಎಲ್ಲಿ ಹೋಗುತ್ತದೆ? ಅವರ ಹೆಬ್ಬೆರಳು ತಾನಾಗಿಯೇ ಅಂಚನ್ನು ಮಗುಚಿತು. ಒಳಗೆ ಏನೂ ಇರಲಿಲ್ಲ.

“ಏನಮ್ಮ ಇದು! ಒಳಗೆ ಬಟ್ಟೆನೇ ಬಿಟ್ಟಿಲ್ವಲ್ಲ! ಬೆಳೆಯೋ ಹುಡುಗಿ, ಮುಂದಿನ ವರ್ಷ ಸ್ಕೂಲಿಗೆ ಏನು ಹಾಕ್ಕೊಂಡು ಹೋಗ್ತಾಳೆ?”

ಹೇಳಿದ ಮೇಲೆ ತಮ್ಮ ಮಾತು ಅವರಿಗೂ ಕೇಳಿಸಿತು. ಸ್ಕರ್ಟನ್ನು ಗಡಿಬಿಡಿಯಲ್ಲಿ ಮಡಚತೊಡಗಿದರು.

“ತೂಕ, ಸ್ವಾಮಿ,” ಎಂದಳು ಟೇಲರಮ್ಮ.

ಮೊದಲು ಅವಳ ಮಗಳು, ಆಮೇಲೆ ಪಕ್ಕದವಳು, ಅವಳ ಪಕ್ಕದವಳು, ಹೀಗೆ ಬಾಗಿಲ ಮೆಟ್ಟಿಲವರೆಗೂ ಒಬ್ಬೊಬ್ಬರೇ ತಂತಮ್ಮ ಮಡಿಲಲ್ಲಿದ್ದ ಪುಟ್ಟ ಪ್ಯಾಂಟಿನ ಅಂಚನ್ನು ಹೆಬ್ಬೆರಳಿನಿಂದ ಮಗುಚಿ ನೋಡತೊಡಗಿದರು.