ಅಸಲಿ ಆಟಕ್ಕೆ ಬೀಗ

"ಇವತ್ತೇನಂತೆ?" ಎಂದು ಮುದುಕ ಒಡೋಯೊ ಕೇಳಿದ. ಟೀವಿಯ ಪರದೆಯ ಮೇಲೆ ನಿನ್ನೆಯ ಸಾಲುಗಳೇ ಮತ್ತೆ ಬಂದು ನಿಂತಿದ್ದವು.

"ಅದೇ ಅಪ್ಪ. ಈ ಆಟ ನಾವು ದುಡ್ಡು ಕೊಟ್ಟು ತಗೊಂಡಿದ್ದೋ, ಕದ್ದಿದ್ದೋ ಅಂತ ಕಂಪನಿಯವರು ನೋಡ್ಬೇಕಂತೆ. ಇಂಟರ್ನೆಟ್ ಬಂದ್ಮೇಲೆ ಬನ್ನಿ ಅಂತಿದೆ," ಎಂದಳು ಮಗಳು ಅಮೋಂಡಿ. ಸರೋವರದ ಕಡೆಯಿಂದ ಬೀಸಿದ ಗಾಳಿಗೆ ಮೊಬೈಲ್ ಟವರ್ ಉರುಳಿ ಬಿದ್ದಿತ್ತು. ಕಿಸುಮು ಊರಿನ ಈ ಭಾಗದಲ್ಲಿ ಕರೆಂಟ್ ಇತ್ತು, ಇಂಟರ್ನೆಟ್ ಇರಲಿಲ್ಲ.

"ತಗೊಂಡಾಗಲೇ ಎಲ್ಲಾ ತೋರಿಸಿದ್ವಲ್ಲ?"

"ದಿನಾ ತೋರಿಸ್ಬೇಕಂತೆ."

ಒಡೋಯೊ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಒಂದು ಕಾಲದಲ್ಲಿ ಆ ಕೈ ಗಿಟಾರಿನ ಮೇಲೆ ಓಡತೊಡಗಿದರೆ ಊರಿನ ಬಾರುಗಳಲ್ಲಿ ಕುಣಿಯದೆ ಯಾರೂ ಕೂತಿರುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಬೆರಳುಗಳೆಲ್ಲ ಮುದುಡಿಕೊಂಡವು. ಹಾಡಿನ ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ಆಟವೊಂದಿದೆ, ಅದನ್ನು ಆಡಿಸಿ, ಒಂದು ದಿನವೂ ಬಿಡಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಆಡುತ್ತ ಆಡುತ್ತ ಬೆರಳುಗಳು ಬಿಚ್ಚಿಕೊಂಡಿದ್ದವು. ಈಗ ಆಟ ನಿಂತು, ಮತ್ತೆ ಮುದುಡತೊಡಗಿದ್ದವು.

"ಮನೇಲಿ ಕಳ್ಳರಿದ್ದಾರಾ?" ಎಂದು ನಗುತ್ತ ಹಳೆಯ ಗೆಳೆಯ ಒಗುತು ಒಳಗೆ ಬಂದ. ಸಿನಿಮಾ, ಆಟಗಳನ್ನೆಲ್ಲ ಕದ್ದು ಪೆನ್‌ಡ್ರೈವಿಗೆ ತುಂಬಿ ಮಾರುವ ಅಂಗಡಿ ಅವನದು, ಕಿಬುಯೆ ಸಂತೆಯಲ್ಲಿ. ಹರೆಯದಲ್ಲಿ ಅದೇ ಅಂಗಡಿಯಲ್ಲಿ ಒಡೋಯೊನ ಹಾಡುಗಳ ಕಳ್ಳ ಕ್ಯಾಸೆಟ್ ಮಾಡಿ ಮಾರಿದ್ದ. ಒಡೋಯೊ ಅವನನ್ನು ಇವತ್ತಿನವರೆಗೂ ಕ್ಷಮಿಸಿರಲಿಲ್ಲ. ಸಂಜೆಯ ಚಹಾವನ್ನು ಅವನಿಲ್ಲದೆ ಕುಡಿದವನೂ ಅಲ್ಲ.

"ತಗೋ, ಇದೇ ಆಟ," ಎಂದು ಒಗುತು ಪೆನ್‌ಡ್ರೈವ್ ಮುಂದೆ ಚಾಚಿದ. "ನನ್ನ ಮಾಲು ಯಾರಪ್ಪನ ಅಪ್ಪಣೇನೂ ಕೇಳಲ್ಲ. ಹಾಕಿದ್ರೆ ಶುರು."

"ಕಳ್ಳ ಮಾಲು ನನ್ನ ಮನೆಯೊಳಗೆ ಬರಕೂಡದು."

"ಲೋ, ನೀನು ದುಡ್ಡು ಕೊಟ್ಟಿದ್ದೀಯಲ್ಲೋ! ಕೊಟ್ಟ ನೀನು ಬಾಗಿಲಾಚೆ ನಿಂತಿದ್ದೀಯ, ನನ್ನ ಗಿರಾಕಿಗಳೆಲ್ಲ ಒಳಗೆ ಕೂತು ಕುಣೀತಿದ್ದಾರೆ. ಅವರು ಬೀಗ ಹಾಕಿದ್ದು ನನಗೆ ಕಣೋ, ಸಿಕ್ಕಿಹಾಕ್ಕೊಂಡಿದ್ದು ನೀನು."

"ಆ ಬೀಗ ಹಾಕಿಸಿದ್ದು ನಿನ್ನಂಥವರೇ."

ಅಮೋಂಡಿ ಅಪ್ಪನ ಕಾಲ ಬಳಿ ಕೂತಳು. "ಟವರ್ ಸರಿಯಾಗೋವರೆಗೆ ಅಷ್ಟೇ ಅಪ್ಪ. ನಾವೇನು ಬಿಟ್ಟಿ ತಗೋತಿದ್ದೀವಾ? ಕೈ ನೋಡು, ಹೇಗಾಗ್ತಿದೆ. ನಿನಗೆ ಕೈಗಿಂತ ಹಠ ದೊಡ್ಡದಾಯ್ತಾ?" ಅವಳು ಕಣ್ಣೊರೆಸಿಕೊಂಡಳು.

"ಹಠ ಅಲ್ಲಮ್ಮ. ಆ ಆಟದ ಹಿಂದೆಯೂ ಯಾರೋ ಒಬ್ಬ ಕೂತು ಗಿಟಾರ್ ನುಡಿಸಿದ್ದಾನೆ," ಎಂದ ಒಡೋಯೊ. ಅವನ ಕಣ್ಣು ಮಾತ್ರ ಕೈಯ ಮೇಲೇ ಇತ್ತು. ಆ ಕೈ ಇನ್ನು ತೆರೆಯುವುದಿಲ್ಲವೇನೋ ಎಂಬ ಭಯ ಅವನಿಗೂ ಇತ್ತು.

ಒಗುತು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. ಸ್ಟೂಲನ್ನು ಎಳೆದು ಎದುರಿಗೆ ಕೂತು, ತನ್ನ ಬಲಗೈಯನ್ನು ಮೇಜಿನ ಮೇಲೆ ಹರಡಿ ಇಟ್ಟ.

"ಒತ್ತು. ಇವೇ ಬಟನ್. ಹಾಡು ನಾನು ಹೇಳ್ತೀನಿ."

ಹೇಳತೊಡಗಿದ್ದು ಒಡೋಯೊನದೇ ಹಾಡು. ಗಂಟಲು ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು, ಆದರೆ ಗಿಟಾರು ಎಲ್ಲಿ ತಡೆಯುತ್ತದೆ, ಎಲ್ಲಿ ಓಡುತ್ತದೆ ಎನ್ನುವುದನ್ನು ಒಂದೂ ಬಿಡದೆ ಬಾಯಲ್ಲೇ ನುಡಿಸುತ್ತಿದ್ದ. ಅಮೋಂಡಿಗೆ ಕಣ್ಣೀರಿನ ನಡುವೆಯೇ ನಗು ಬಂತು. ಒಡೋಯೊ ಮುಖ ಗಂಟು ಹಾಕಿಕೊಂಡೇ ಮುದುಡಿದ ಕೈಯನ್ನು ಗೆಳೆಯನ ಬೆರಳುಗಳ ಮೇಲಿಟ್ಟ.

"ತಪ್ಪು! ಅಲ್ಲಿ ಕಿರುಬೆರಳು."

"ನನ್ನ ಹಾಡು ನನಗೇ ಹೇಳಿಕೊಡ್ತೀಯೇನೋ, ಕಳ್ಳ?"

"ಬಾಯ್ಮುಚ್ಕೊಂಡು ಒತ್ತೋ."

ಹಾಡು ಸಾಗಿತು. ಬೆರಳುಗಳು ಒಂದೊಂದಾಗಿ ಏಳುತ್ತ, ಬೀಳುತ್ತ, ಹೇಗೋ ತಾಳ ಹಿಡಿದವು. ಅಷ್ಟರಲ್ಲಿ ಒಗುತು ನಿಲ್ಲಿಸಿಬಿಟ್ಟ.

"ಯಾಕೆ ನಿಲ್ಲಿಸ್ದೆ?"

"ಮುಗೀತಲ್ಲ."

"ಎಲ್ಲಿ ಮುಗೀತು? ಹೆಸರು ಹೇಳೋದು ಇನ್ನೂ ಬಾಕಿ ಇದೆ." ಹಾಡಿನ ಕೊನೆಯಲ್ಲಿ ತನಗೆ ಆಸರೆಯಾದವರ ಹೆಸರನ್ನೆಲ್ಲ ಕರೆದು ಹೊಗಳದೆ ಆ ಸೀಮೆಯ ಯಾವ ಹಾಡುಗಾರನೂ ಹಾಡು ಮುಗಿಸುವುದಿಲ್ಲ.

ಒಗುತು ತಲೆ ತಗ್ಗಿಸಿದ. "ನಾನು ಅಗ್ಗದ ಟೇಪು ಹಾಕ್ತಿದ್ದೆ ಕಣೋ. ಗಿಡ್ಡ ಟೇಪು. ನನ್ನ ಕಾಪಿ ಇಲ್ಲಿಗೇ ನಿಂತುಹೋಗ್ತಿತ್ತು. ಅಸಲಿದನ್ನ ಮಷೀನಿಗೆ ಹಾಕ್ತಿದ್ದೆ, ತೆಗೀತಿದ್ದೆ. ಕೂತು ಪೂರ್ತಿ ಕೇಳಿದವನೇ ಅಲ್ಲ, ಕೇಳಿದ್ದೆಲ್ಲ ನನ್ನ ಕಾಪಿನೇ."

ಇಷ್ಟು ವರ್ಷ ಒಡೋಯೊನ ಎದೆಯಲ್ಲಿ ಕೊರೆಯುತ್ತಿದ್ದದ್ದು ಹೋದ ದುಡ್ಡಲ್ಲ.

"ನೀನು ಆ ಹೆಸರುಗಳನ್ನ ಕೇಳಿಯೂ ಮಾರಿದೆ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

ಆಮೇಲೆ ತಾನೇ ಹಾಡಿದ. ಮಾತು ತೊದಲುತ್ತಿತ್ತು, ಆದರೂ ಒಂದೊಂದು ಹೆಸರಿಗೂ ಸರಿಯಾಗಿ ಒಂದೊಂದು ಬೆರಳು ಒತ್ತಿದ. ಮೊದಲು ತಾಯಿಯ ಹೆಸರು ಬಂತು. ಮುಂದಿನದು, "ಕಿಬುಯೆಯ ಒಗುತು, ನನ್ನ ಗಿಟಾರಿಗೆ ಮೊದಲ ತಂತಿ ಕೊಡಿಸಿದ ಒಗುತು, ನೀನಿಲ್ಲದೆ ಈ ಹಾಡಿಲ್ಲ."

"ಕೈ ನಡುಗಿಸಬೇಡ್ವೋ," ಎಂದ ಒಡೋಯೊ. "ಬಟನ್ ತಪ್ಪುತ್ತೆ."