ಮಾವ ಸುರಿದ ಲಾರಿ ಎಣ್ಣೆ

ಗುರುಶಾಂತಪ್ಪನಿಗೆ ಅಳಿಯನನ್ನು ಕಂಡರೆ ಅಷ್ಟಕ್ಕಷ್ಟೆ...

ಮಾವ ದಾವಣಗೆರೆ–ಮುಂಬೈ ಲಾರಿ ಹೊಡೆದು, ಆಮೇಲೆ ಸ್ವಂತ ಲಾರಿ ಇಟ್ಟ ಮನುಷ್ಯ. ಅಳಿಯ ಶಶಿಧರ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೆತ್ತಗೆ ಮಾತಾಡುವವನು.

"ಬಣ್ಣ ಹಚ್ಚೋ ಕೈ... ಸ್ಪ್ಯಾನರ್ ಹಿಡಿಯೋಕೂ ಬರಲ್ಲ" ಅಂತ ಗುರುಶಾಂತಪ್ಪ ನೆಂಟರ ಮುಂದೆಯೇ ಮೂಗು ಮುರಿಯುತ್ತಿದ್ದ.

ಅಳಿಯ ಹೊಸ ಕಾರು ತಗೊಂಡ. ಆಯಿಲ್ ಚೇಂಜ್ ತನ್ನ ಲಾರಿ ಶೆಡ್ಡಿನಲ್ಲೇ ಆಗಬೇಕೆಂದು ಮಾವನ ಹಠ.

ಶಶಿಧರ ತಂದಿದ್ದ ಆಯಿಲನ್ನು ಬೆರಳಿಗೆ ಹಚ್ಚಿ ನೋಡಿ ಗುರುಶಾಂತಪ್ಪ ನಕ್ಕ.

"ಇದೇನು ಅಳಿಯದೇವ್ರೇ, ಎಣ್ಣೆನೋ ನೀರೋ? ನಿಮ್ಮಂಥೋರಿಗೆ ಸರಿಯಾಗೈತೆ ಬಿಡಿ."

"ಮಾವ, ಈ ಇಂಜಿನ್‌ಗೆ ತೆಳ್ಳಗಿಂದೇ ಬೇಕು. ದಪ್ಪ ಎಣ್ಣೆ ಸ್ಟಾರ್ಟ್ ಮಾಡಿದಾಗ ಬೇಗ ಮೇಲಕ್ಕೆ ಹತ್ತಲ್ಲ. ಎಣ್ಣೆ ಹಾಕೋ ಕ್ಯಾಪ್ ಮೇಲೇ ಬರೆದಿದ್ದಾರೆ, ತೆಳ್ಳಗಿನ 0W-20 ಅಂತ."

"ಇಂಜಿನ್ ವಿಷಯ ನನಗೆ ಹೇಳಿಕೊಡ್ತೀರೇನು?" ಅಂದವನೇ ಲಾರಿಗೆ ಹಾಕುವ ದಪ್ಪ ಎಣ್ಣೆ ಸುರಿದೇಬಿಟ್ಟ.

ಮಗಳು ಚೇತನಾ ಗಂಡನ ಮುಖ ನೋಡಿದಳು... ಹಿರಿಯರ ಮನಸ್ಸು ನೋಯಿಸುವುದು ಬೇಡವೆಂದು ಅವನು ಸುಮ್ಮನಾದ.

ಬರಬರುತ್ತಾ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು... ಪಿಕಪ್ ಇಲ್ಲ.

ಚಳಿಗಾಲದಲ್ಲಿ ಮನೆಮಂದಿ, ನೆಂಟರು, ಬೀಗರೆಲ್ಲ ಕಾರು, ಜೀಪುಗಳಲ್ಲಿ ಕೆಮ್ಮಣ್ಣುಗುಂಡಿಗೆ ಹೊರಟಾಗ, ಏರಿನಲ್ಲಿ ಇಂಜಿನ್ ಲೈಟ್ ಹತ್ತಿ ಶಶಿಧರನ ಕಾರು ನಿಂತೇಹೋಯಿತು. ಜೀಪಿಗೆ ಕಟ್ಟಿ ತರೀಕೆರೆಯ ಗ್ಯಾರೇಜಿಗೆ ಎಳೆದು ತಂದರು.

ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ಅದಕ್ಕಂಟಿದ ಎಣ್ಣೆ ನೋಡಿದ. "ಯಾವ ಪುಣ್ಯಾತ್ಮರು ರೀ ಇದಕ್ಕೆ ಲಾರಿ ಎಣ್ಣೆ ಹಾಕಿದ್ದು? ಒಂದಕ್ಷರ ಗೊತ್ತಿಲ್ಲದೋರು ಯಾಕೆ ಕೈ ಹಾಕ್ತೀರಿ?"

ಗುರುಶಾಂತಪ್ಪ ತಲೆಯೆತ್ತಿ ನೋಡಿದ. ಸುತ್ತ ನೆಂಟರು, ಬೀಗರು...

"ನಾನೇ ಹಾಕಿದ್ದು" ಅಂದ ಶಶಿಧರ. "ಗೊತ್ತಾಗಲಿಲ್ಲ."

"ಮೇಷ್ಟ್ರೇ, ನೀವು ಚಿತ್ರ ಬರ್ಕೊಂಡಿರಿ" ಅಂತ ಗುರುಶಾಂತಪ್ಪನ ತಮ್ಮ ಕಿಸಕ್ಕನೆ ನಕ್ಕ. ಉಳಿದವರೂ ನಕ್ಕರು.

ಶಶಿಧರ ತಲೆ ತಗ್ಗಿಸಿ ನಿಂತ. ಒಂದು ಸಲವೂ ಮಾವನ ಕಡೆ ತಿರುಗಿ ನೋಡಲಿಲ್ಲ.

ಅವರಿಗೆಲ್ಲ ಹಾಗೆ ನಗಲು ಕಲಿಸಿದವನು ತಾನೇ ಅಂತ ಗುರುಶಾಂತಪ್ಪನಿಗೆ ಆಗ ಹೊಳೆಯಿತು... ಕಣ್ಣು ಮಂಜಾಯಿತು.

"ನಗಬೇಡ್ರೋ" ಅಂದ. "ಆ ಎಣ್ಣೆ ಸುರಿದ ದಡ್ಡ ನಾನು. ಅವರು ಬೇಡ ಅಂದಿದ್ರು... ನಾನು ಕೇಳಲಿಲ್ಲ."



ಶಶಿಧರ ಕುರ್ಚಿ ಎಳೆದು ಹಾಕಿ, "ಕೂತ್ಕೊಳ್ಳಿ ಮಾವ, ಎಷ್ಟೊತ್ತು ನಿಂತಿರ್ತೀರಿ" ಅಂದ. ಚೇತನಾ ಮಾತ್ರ ಅಪ್ಪನ ಮುಖ ನೋಡಲಿಲ್ಲ...

*ಮೆತ್ತಗಿರುವವರನ್ನು ಕೈಲಾಗದವರು ಅಂದುಕೊಳ್ಳುವುದೇ ದೊಡ್ಡ ದಡ್ಡತನ.*

ನೀವು ದಿನಾ ಹೀಯಾಳಿಸುವ ಆ ಒಬ್ಬರು... ನಿಮಗೇ ಗೊತ್ತಿಲ್ಲದೆ ಎಷ್ಟು ಸಲ ನಿಮ್ಮ ಮರ್ಯಾದೆ ಉಳಿಸಿರಬಹುದು?